ವೈರಸ್ ಹೋದ ಮೇಲೂ ಏಳಲಾಗದ ಇಲಿಮರಿಗಳು

ಹುಟ್ಟಿ ಒಂದು ದಿನವಾದ ಇಲಿಮರಿಯ ತೂಕ ಸುಮಾರು ಒಂದೂವರೆ ಗ್ರಾಂ. ಮೈಮೇಲೆ ಕೂದಲಿಲ್ಲ, ಕಣ್ಣು ತೆರೆದಿಲ್ಲ, ಕಿವಿ ಇನ್ನೂ ತಲೆಗೆ ಅಂಟಿಕೊಂಡೇ ಇದೆ. ಚರ್ಮ ಎಷ್ಟು ತೆಳುವೆಂದರೆ, ಕುಡಿದ ಹಾಲು ಹೊಟ್ಟೆಯ ಎಡಭಾಗದಲ್ಲಿ ಬಿಳಿ ಚುಕ್ಕೆಯಾಗಿ ಹೊರಗಿನಿಂದಲೇ ಕಾಣುತ್ತದೆ. ಸೂಜಿ ಕೈಗೆತ್ತಿಕೊಳ್ಳುವ ಮೊದಲು ನಾನು ಆ ಚುಕ್ಕೆಯನ್ನು ಹುಡುಕುತ್ತಿದ್ದೆ. ಚುಕ್ಕೆ ಕಾಣದಿದ್ದರೆ ಆ ಮರಿಗೆ ತಾಯಿಯ ಹಾಲು ಸಿಕ್ಕಿಲ್ಲವೆಂದು ಅರ್ಥ. ಅದು ನಾಳೆ ಸತ್ತರೆ ವೈರಸ್‌ನಿಂದ ಸತ್ತಿತೋ ಹಸಿವಿನಿಂದ ಸತ್ತಿತೋ ಯಾರೂ ಹೇಳಲಾರರು. ಅಂಥ ಮರಿಯನ್ನು ಪ್ರಯೋಗಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

2005ರಿಂದ ನಾಲ್ಕು ವರ್ಷಕ್ಕೂ ಮಿಕ್ಕಿ, ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಪ್ರಯೋಗಾಲಯದಲ್ಲಿ ನನ್ನ ಕೆಲಸ ಇದೇ ಆಗಿತ್ತು. ಎಳೆಯ ಮರಿಗಳಿಗೆ ಕಾಕ್ಸಾಕಿ ಬಿ1 ಎಂಬ ವೈರಸ್ ಚುಚ್ಚುವುದು, ವಾರಗಟ್ಟಲೆ ಅವುಗಳ ನಡಿಗೆಯನ್ನು ಗಮನಿಸುವುದು, ಕೊನೆಗೆ ತೊಡೆಯ ಸ್ನಾಯುವನ್ನು ಸೂಕ್ಷ್ಮದರ್ಶಕದಡಿ ಓದುವುದು. ನಾನು ಓದಿದ್ದು ಪಶುವೈದ್ಯಕೀಯ. ಸ್ನಾಯುವಿನ ರೋಗವೆಂದರೆ ನನಗೆ ಮೊದಲಿನಿಂದ ಗೊತ್ತಿದ್ದದ್ದು ನಮ್ಮ ಹಳ್ಳಿಗಳ ಚಪ್ಪೆ ಬೇನೆ. ಮಳೆಗಾಲದಲ್ಲಿ ಮೈತುಂಬಿಕೊಂಡ ಎಳೆಯ ದನಕ್ಕೆ ಇದ್ದಕ್ಕಿದ್ದಂತೆ ತೊಡೆ ಊದುತ್ತದೆ, ಒತ್ತಿದರೆ ಒಳಗೆ ಗಾಳಿ ಚರಚರ ಎನ್ನುತ್ತದೆ, ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಅಲ್ಲಿ ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಆ ಕಪ್ಪಾದ ಸ್ನಾಯುವಿನಲ್ಲೇ ಕೈಗೆ ಸಿಗುತ್ತದೆ. ಇಲಿಗಳಲ್ಲಿ ನಾನು ಕಂಡದ್ದು ಇದಕ್ಕೆ ತೀರ ಬೇರೆ. ಸ್ನಾಯು ಸೊರಗುತ್ತಿದ್ದ ಹೊತ್ತಿಗೆ, ಅದನ್ನು ಸೊರಗಿಸಲು ಶುರುಮಾಡಿದ ವೈರಸ್ ಅಲ್ಲಿ ಇರುತ್ತಿರಲಿಲ್ಲ. ನಾಲ್ಕು ವರ್ಷ ನನ್ನನ್ನು ಹಿಡಿದು ಕೂರಿಸಿದ್ದು ಆ ಒಂದು ಸಂಗತಿ.

ಕಾಕ್ಸಾಕಿ ಎಂಬುದು ನ್ಯೂಯಾರ್ಕ್ ರಾಜ್ಯದಲ್ಲಿ ಹಡ್ಸನ್ ನದಿಯ ದಡದ ಒಂದು ಊರು. ಅಲ್ಲಿ ಪೋಲಿಯೊದಂಥ ಲಕ್ಷಣ ತೋರಿದ ಮಕ್ಕಳ ಮಲದಿಂದ ಗಿಲ್ಬರ್ಟ್ ಡಾಲ್‌ಡಾರ್ಫ್ ಮತ್ತು ಗ್ರೇಸ್ ಸಿಕಲ್ಸ್ ಈ ವೈರಸ್‌ಗಳನ್ನು ಬೇರ್ಪಡಿಸಿ 1948ರಲ್ಲಿ ಪ್ರಕಟಿಸಿದರು. ಅವರಿಗೆ ಅದು ಸಿಕ್ಕಿದ್ದೇ ಹಾಲು ಕುಡಿಯುವ ಇಲಿಮರಿಗಳನ್ನು ಬಳಸಿದ್ದರಿಂದ. ಬೆಳೆದ ಇಲಿಗೆ ಚುಚ್ಚಿದ್ದರೆ ಏನೂ ಕಾಣುತ್ತಿರಲಿಲ್ಲ. ಎ ಗುಂಪಿನ ವೈರಸ್ ಮರಿಯ ಮೈಯ ಸ್ನಾಯುಗಳನ್ನೆಲ್ಲ ಹಾಳುಮಾಡಿ ಅದನ್ನು ಬಟ್ಟೆಯ ಹಾಗೆ ಜೋಲುಬೀಳಿಸುತ್ತದೆ. ಬಿ ಗುಂಪಿನದು ಅಲ್ಲೊಂದು ಇಲ್ಲೊಂದು ಕಡೆ ಗಾಯಮಾಡುತ್ತದೆ. ಮನುಷ್ಯರಲ್ಲೂ ಈ ಬಿ ಗುಂಪಿಗೆ ಸ್ನಾಯುವಿನ ನಂಟಿದೆ: ಡೆನ್ಮಾರ್ಕ್‌ನ ಬಾರ್ನ್‌ಹೋಮ್ ದ್ವೀಪದ ಹೆಸರು ಹೊತ್ತ, ಎದೆ ಮತ್ತು ಪಕ್ಕೆಯ ಸ್ನಾಯುಗಳು ಹಿಂಡಿದಂತೆ ನೋಯುವ ಜ್ವರಕ್ಕೆ ಮುಖ್ಯ ಕಾರಣ ಇವೇ. 1979ರಲ್ಲಿ ಟೂಸಾನ್ ಎಂಬ ಬಿ1 ತಳಿಯ ಬಗ್ಗೆ ವರದಿ ಬಂತು. ಅದನ್ನು ಹಸುಗೂಸು ಮರಿಗೆ ಕೊಟ್ಟರೆ, ಬದುಕುಳಿದ ಮರಿಗಳ ಸೊಂಟ ಮತ್ತು ತೊಡೆಯ ಸ್ನಾಯುಗಳಲ್ಲಿ ಉರಿಯೂತ ತಿಂಗಳುಗಟ್ಟಲೆ ಉಳಿಯುತ್ತದೆ. ಮನುಷ್ಯರಲ್ಲಿ ಸ್ನಾಯುಗಳಿಗೆ ಉರಿಯೂತ ತಗಲಿ ಬಲ ಕುಂದುವ ಪಾಲಿಮಯೋಸೈಟಿಸ್ ಎಂಬ ರೋಗವಿದೆ. ಅದರ ರೋಗಿ ಕುಳಿತಲ್ಲಿಂದ ಏಳಲಾಗದೆ, ಮೆಟ್ಟಿಲು ಹತ್ತಲಾಗದೆ ಒದ್ದಾಡುವುದನ್ನು ನೋಡಿದ ವೈದ್ಯರಿಗೆ ಈ ಇಲಿಯ ನಡಿಗೆ ಪರಿಚಿತವಾಗಿಯೇ ಕಂಡಿತು.

ಹಸುಗೂಸೇ ಏಕೆ ಬೇಕು ಎಂಬುದಕ್ಕೆ ಒಂದು ಉತ್ತರ 1997ರಲ್ಲಿ ಈ ವೈರಸ್ ಜೀವಕೋಶಕ್ಕೆ ಅಂಟಿಕೊಳ್ಳಲು ಬಳಸುವ ಪ್ರೋಟೀನು ಪತ್ತೆಯಾದ ಮೇಲೆ ಸಿಕ್ಕಿತು. ಹುಟ್ಟಿದ ಹೊಸತರಲ್ಲಿ ಸ್ನಾಯುನಾರಿನ ಮೇಲೆ ಅದು ಹೇರಳವಾಗಿರುತ್ತದೆ, ಬೆಳೆದಂತೆ ಬಹಳ ಕಡಿಮೆಯಾಗುತ್ತದೆ. ಜೊತೆಗೆ ಮರಿಯ ರೋಗನಿರೋಧಕ ಶಕ್ತಿಯೂ ಇನ್ನೂ ಹಸಿ. ಅದಕ್ಕೇ ನಮಗೆ ಸಿಗುತ್ತಿದ್ದದ್ದು ಒಂದೆರಡು ದಿನದ ಅವಕಾಶ ಮಾತ್ರ. ಭಾನುವಾರ ರಾತ್ರಿ ಇಲಿ ಮರಿಹಾಕಿದರೆ ಸೋಮವಾರ ರಜೆ ಇದ್ದರೂ ಹೋಗಲೇಬೇಕು. ಹಿಮ ಮೊಣಕಾಲುದ್ದ ಬಿದ್ದ ದಿನಗಳಲ್ಲೂ ನಡೆದುಕೊಂಡು ಹೋಗಿದ್ದೇನೆ.

ಮೊದಲ ಮೂರು ಬಾಣಂತಿಗಳು ತಮ್ಮ ಮರಿಗಳನ್ನು ತಿಂದುಹಾಕಿದವು. ಬೆಳಿಗ್ಗೆ ಗೂಡು ತೆಗೆದು ನೋಡಿದಾಗ ಹತ್ತು ಮರಿಗಳಿದ್ದ ಕಡೆ ಏನೂ ಇಲ್ಲದಿರುವುದನ್ನು ಕಂಡು ಕೈಕಾಲು ತಣ್ಣಗಾಯಿತು. ವೈರಸ್‌ನ ಪ್ರಭಾವವೆಂದು ಬರೆದಿಡಲು ಹೊರಟಿದ್ದೆ. ಅಲ್ಲಿ ಇಪ್ಪತ್ತು ವರ್ಷದಿಂದ ಪ್ರಾಣಿಗಳನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಸಹಾಯಕಿ ನನ್ನ ಕೈ ಮೂಸಿ, "ಈ ಸೋಪನ್ನು ಮನೆಯಲ್ಲೇ ಬಿಟ್ಟು ಬನ್ನಿ" ಎಂದರು. ಆಮೇಲೆ ಅವರು ಕಲಿಸಿದ ಕ್ರಮವನ್ನು ನಾನು ಕೊನೆಯವರೆಗೂ ಬಿಡಲಿಲ್ಲ. ಮೊದಲು ತಾಯಿಯನ್ನು ಬೇರೆ ಗೂಡಿಗೆ ಮೆಲ್ಲನೆ ಸಾಗಿಸಬೇಕು. ಮರಿಗಳನ್ನು ಅವುಗಳದೇ ಹಾಸಿನ ಸಮೇತ ಬೆಚ್ಚಗಿನ ದಿಂಬಿನ ಮೇಲಿಡಬೇಕು, ಏಕೆಂದರೆ ಕೂದಲಿಲ್ಲದ ಮರಿ ಐದು ನಿಮಿಷಕ್ಕೆ ತಣ್ಣಗಾಗುತ್ತದೆ. ಕೈಗವಸು ಹಾಕಿಕೊಂಡು ಅದೇ ಗೂಡಿನ ಹಳೆಯ ಹಾಸನ್ನು ಎರಡೂ ಕೈಗೆ ಚೆನ್ನಾಗಿ ಉಜ್ಜಬೇಕು. ಚುಚ್ಚುವ ಪ್ರಮಾಣ 0.05 ಮಿಲಿಲೀಟರ್, ಒಂದು ಹನಿ. ಸೂಜಿಯನ್ನು ನೇರ ಹೊಟ್ಟೆಗೆ ಚುಚ್ಚಿದರೆ ಹೊರತೆಗೆದ ಕೂಡಲೇ ಆ ಹನಿ ತೂತಿನಿಂದ ಹೊರಗೆ ಬರುತ್ತದೆ. ಅದಕ್ಕೆ ಚರ್ಮದಡಿ ಸ್ವಲ್ಪ ದೂರ ಸಾಗಿಸಿ ಆಮೇಲೆ ಒಳಕ್ಕೆ ಇಳಿಸಿ, ಖಾಲಿಯಾದ ಮೇಲೂ ಒಂದು ಉಸಿರಿನಷ್ಟು ಹೊತ್ತು ತಡೆದು ತೆಗೆಯಬೇಕು. ಎಲ್ಲ ಮರಿಗಳನ್ನೂ ಹಾಸಿನಲ್ಲಿ ಹೊರಳಿಸಿ, ಗೂಡಿನ ಮಧ್ಯಕ್ಕೆ ಸೇರಿಸಿ, ಕಡೆಗೆ ತಾಯಿಯನ್ನು ಬಿಡಬೇಕು. ಆ ಮೇಲೆ ಮೂರು ದಿನ ಗೂಡನ್ನು ಶುಚಿಮಾಡಲು ಹೋಗಬಾರದು. ಇದನ್ನು ಪಾಲಿಸಿದ ನಂತರ ಮರಿ ತಿಂದ ತಾಯಿ ಅಪರೂಪವಾಯಿತು.

ಒಂದೇ ಸೂಲಿನಲ್ಲಿ ಅರ್ಧ ಮರಿಗಳಿಗೆ ವೈರಸ್, ಅರ್ಧಕ್ಕೆ ಬರಿಯ ಉಪ್ಪುನೀರು ಕೊಟ್ಟರೆ ಹೋಲಿಕೆ ಚೆನ್ನಾಗಿರುತ್ತದೆ ಎಂದು ನಾನು ವಾದಿಸಿದ್ದುಂಟು. ಆದರೆ ಈ ವೈರಸ್ ಮಲದಲ್ಲಿ ಹೊರಬರುತ್ತದೆ, ತಾಯಿ ಎಲ್ಲ ಮರಿಗಳನ್ನೂ ನೆಕ್ಕುತ್ತದೆ. ಉಳಿದ ಮರಿಗಳಿಗೂ ಸೋಂಕು ತಗಲಿಬಿಡಬಹುದು. ಹಾಗಾಗಿ ಒಂದು ಸೂಲಿಗೆ ಒಂದೇ ಚಿಕಿತ್ಸೆ, ಬೇರೆ ಬೇರೆ ಕಪಾಟು, ಉಪ್ಪುನೀರಿನ ಗೂಡುಗಳ ಕೆಲಸ ಮೊದಲು, ವೈರಸ್ ಗೂಡುಗಳದು ಕೊನೆಗೆ. ಇದರಿಂದ ಲೆಕ್ಕದಲ್ಲೊಂದು ತೊಡಕು ಹುಟ್ಟುತ್ತದೆ, ಅದನ್ನು ನಾನು ಬಹಳ ತಡವಾಗಿ ಅರಿತೆ. ಮೂರು ಸೂಲಿನ ಇಪ್ಪತ್ತನಾಲ್ಕು ಮರಿಗಳನ್ನು ಇಪ್ಪತ್ತನಾಲ್ಕು ಎಂದು ಎಣಿಸಿ ಹಿಗ್ಗಿದ್ದೆ. ಸಂಖ್ಯಾಶಾಸ್ತ್ರಜ್ಞರು ಹಾಳೆಯ ಮೇಲೆ ಆ ಅಂಕಿಯನ್ನು ಹೊಡೆದುಹಾಕಿ 3 ಎಂದು ಬರೆದರು. ಒಂದೇ ತಾಯಿಯ ಹಾಲು, ಒಂದೇ ಗೂಡು, ಒಂದೇ ದಿನದ ಸೂಜಿ. ಅವರು ಹೇಳಿದ್ದು ಸರಿ. ಇಂದಿಗೂ ಈ ಬಗೆಯ ಪ್ರಬಂಧ ಓದುವಾಗ ನನ್ನ ಕಣ್ಣು ಮೊದಲು ಹೋಗುವುದು ಸೂಲುಗಳ ಸಂಖ್ಯೆಗೆ.

ವೈರಸ್‌ನ ಹದ ಸಿಗಲು ಎಂಟು ತಿಂಗಳು ಹಿಡಿಯಿತು. ಹೆಚ್ಚಾದರೆ ಮೊದಲ ವಾರದಲ್ಲೇ ಎಲ್ಲ ಮರಿಗಳೂ ಸಾಯುತ್ತವೆ. ಕಡಿಮೆಯಾದರೆ ಎಲ್ಲವೂ ಆರೋಗ್ಯವಾಗಿ ಓಡಾಡುತ್ತವೆ. ವೈರಸ್‌ನ ಹೊಸ ತಂಡ ಬೆಳೆಸಿದಾಗಲೆಲ್ಲ ಮತ್ತೆ ಅಳೆಯಬೇಕು, ಹಳೆಯ ಅಂಕಿಯನ್ನು ನಂಬಬಾರದು. ಇಲ್ಲೊಂದು ಮಾತು. ಈ ವೈರಸ್‌ಗೆ ಕೊಬ್ಬಿನ ಹೊದಿಕೆ ಇಲ್ಲ, ಆದ್ದರಿಂದ ಆಲ್ಕೋಹಾಲ್ ಒರೆಸಿದರೆ ಮೇಜು ಶುದ್ಧವಾಗುವುದಿಲ್ಲ. ಬ್ಲೀಚ್ ದ್ರಾವಣವೇ ಬೇಕು. ಅದನ್ನು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೆವು.

ಮೊದಲ ವಾರದಲ್ಲಿ ಮರಿಗಳ ಬೆಳವಣಿಗೆ ಹಿಂದೆ ಬೀಳುತ್ತದೆ. ಹಾಲಿನ ಚುಕ್ಕೆ ಕಾಣದ, ಮುಟ್ಟಿದರೆ ಮಿಸುಕದ ಮರಿಯನ್ನು ನರಳಲು ಬಿಡದೆ ಅಂದೇ ನೋವಿಲ್ಲದಂತೆ ಕೊನೆಗೊಳಿಸುತ್ತಿದ್ದೆವು. ಆ ನಿರ್ಧಾರವನ್ನು ಪ್ರತಿದಿನ ಬೆಳಿಗ್ಗೆ ನಾನೇ ತೆಗೆದುಕೊಳ್ಳಬೇಕಿತ್ತು. ಅದು ಎಂದೂ ಹಗುರವಾಗಲಿಲ್ಲ, ಹಗುರವಾಗಬಾರದು ಎಂದೇ ನನ್ನ ನಂಬಿಕೆ. ಎರಡನೇ ವಾರದ ಕೊನೆಗೆ ಕಣ್ಣು ತೆರೆಯುತ್ತವೆ, ಮೈತುಂಬ ಬಿಳಿ ಕೂದಲು ಬಂದಿರುತ್ತದೆ. ಉಪ್ಪುನೀರಿನ ಗೂಡಿನ ಮರಿಗಳು ಆಗ ಮುಚ್ಚಳ ತೆಗೆದರೆ ಹುರಿದ ಕಾಳಿನಂತೆ ಸಿಡಿಯುತ್ತವೆ. ವೈರಸ್ ಗೂಡಿನವು ಬೆನ್ನು ಗೂನು ಮಾಡಿಕೊಂಡು, ಹಿಂಗಾಲನ್ನು ಎಳೆದುಕೊಂಡು ಮೂಲೆಗೆ ಸರಿಯುತ್ತವೆ.

ಕಾಲಿನ ಬಲವನ್ನು ಅಳೆಯಲು ನಾವು ಬಳಸಿದ್ದು ಬಹಳ ಸರಳವಾದ ಉಪಾಯ. ತಂತಿ ಜಾಲರಿಯ ಮೇಲೆ ಇಲಿಯನ್ನು ಬಿಟ್ಟು, ಜಾಲರಿಯನ್ನು ನಿಧಾನವಾಗಿ ತಲೆಕೆಳಗು ಮಾಡಿ, ಕೆಳಗೆ ಮೆತ್ತನೆಯ ಹಾಸು ಇಟ್ಟು, ಎಷ್ಟು ಸೆಕೆಂಡು ಹಿಡಿದುಕೊಂಡಿರುತ್ತದೆ ಎಂದು ಎಣಿಸುವುದು. ಆರೋಗ್ಯವಂತ ಇಲಿ ನಿಮಿಷಗಟ್ಟಲೆ ನೇತಾಡುತ್ತದೆ. ನಮ್ಮವು ಮುಂಗಾಲಿನಿಂದ ಹಿಡಿದುಕೊಳ್ಳುತ್ತಿದ್ದವು, ಹಿಂಗಾಲು ಜಾರಿ ಕೆಳಗೆ ತೂಗಾಡುತ್ತಿತ್ತು. ಅದು ಹಾಗೇ ತೂಗಾಡುವುದನ್ನು ನೋಡಿದ ಮೇಲೆ ಸ್ನಾಯುವಿನಲ್ಲಿ ಏನು ಕಾಣಬಹುದೆಂದು ಮೊದಲೇ ಊಹಿಸುತ್ತಿದ್ದೆ. ಆ ಊಹೆಯೇ ಅಪಾಯಕಾರಿ, ಆದ್ದರಿಂದ ನಡಿಗೆ ನೋಡಿದವರು ಸ್ಲೈಡ್ ಓದಬಾರದು, ಓದುವುದಿದ್ದರೆ ಇಲಿಯ ಸಂಖ್ಯೆ ಮರೆಮಾಡಿ ಓದಬೇಕು ಎಂಬ ನಿಯಮ ಮಾಡಿಕೊಂಡೆವು.

ಸ್ನಾಯುವನ್ನು ಹೆಪ್ಪುಗಟ್ಟಿಸುವುದರಲ್ಲಿ ನಾನು ಮಾಡಿದ ತಪ್ಪನ್ನು ವಿವರವಾಗಿ ಹೇಳಲೇಬೇಕು, ಏಕೆಂದರೆ ಹೊಸಬರು ಈಗಲೂ ಅದನ್ನೇ ಮಾಡುತ್ತಾರೆ. ತೊಡೆಯ ಸ್ನಾಯುವನ್ನು ತೆಗೆದು ನೇರವಾಗಿ ದ್ರವ ಸಾರಜನಕಕ್ಕೆ ಅದ್ದುತ್ತಿದ್ದೆ. ಮೈನಸ್ 196 ಡಿಗ್ರಿ, ಇದಕ್ಕಿಂತ ಬೇಗ ಹೆಪ್ಪುಗಟ್ಟಿಸುವುದು ಯಾವುದಿದೆ ಎಂಬುದು ನನ್ನ ಎಣಿಕೆ. ಕೊಯ್ದು, ಬಣ್ಣ ಹಾಕಿ ನೋಡಿದರೆ ಪ್ರತಿ ಸ್ನಾಯುನಾರಿನ ತುಂಬ ಸಣ್ಣ ಸಣ್ಣ ತೂತುಗಳು, ನೀರುದೋಸೆಯ ಮೈಯಂತೆ. ವೈರಸ್ ಸ್ನಾಯುವನ್ನು ಒಳಗಿನಿಂದ ಕೊರೆದಿದೆ ಎಂದು ಸಂಭ್ರಮಿಸಿದೆ. ಆರು ವಾರ ಆ ತೂತುಗಳ ಎಣಿಕೆಯಲ್ಲಿ ಕಳೆದೆ. ಸಂಖ್ಯೆಗಳ ಮರೆ ತೆರೆದ ದಿನ ನೋಡಿದರೆ ಉಪ್ಪುನೀರಿನ ಇಲಿಗಳಲ್ಲೂ ಅಷ್ಟೇ ತೂತು. ಅವು ಮಂಜಿನ ಹರಳು ಬಿಟ್ಟುಹೋದ ಜಾಗಗಳು. ಬೆಚ್ಚಗಿನ ಸ್ನಾಯು ಬಿದ್ದ ಕೂಡಲೇ ಸಾರಜನಕ ಕುದಿದು, ಅದರ ಸುತ್ತ ಆವಿಯ ಅಂಗಿಯೊಂದನ್ನು ತೊಡಿಸುತ್ತದೆ. ಕಾದ ಕಾವಲಿಯ ಮೇಲೆ ನೀರಹನಿ ಆವಿಯಾಗದೆ ಉರುಳಾಡುತ್ತದಲ್ಲ, ಅದೇ ಕಾರಣ. ಆ ಆವಿಯ ಒಳಗೆ ಸ್ನಾಯು ನಿಧಾನವಾಗಿ ತಣ್ಣಗಾಗುತ್ತದೆ, ನೀರು ಹರಳುಗಟ್ಟಲು ಸಮಯ ಸಿಗುತ್ತದೆ.

ಸರಿಯಾದ ದಾರಿ ಎಂದರೆ ಐಸೊಪೆಂಟೇನ್ ಎಂಬ ದ್ರವ ತುಂಬಿದ ಸಣ್ಣ ಲೋಹದ ಲೋಟವನ್ನು ಸಾರಜನಕದಲ್ಲಿ ಇಳಿಬಿಟ್ಟು ತಣಿಸುವುದು. ಬೆಲ್ಲದ ಪಾಕಕ್ಕೆ ಎಳೆ ನೋಡುವಂತೆ ಇದಕ್ಕೂ ಹದ ನೋಡಬೇಕು: ಲೋಟದ ತಳದಲ್ಲಿ ಬಿಳಿಯ ಪದರ ಕಟ್ಟತೊಡಗಿದರೆ ಹದ ಬಂದಿತು. ಆಗ ಬಿರಡೆಯ ತುಂಡಿನ ಮೇಲೆ ನೆಟ್ಟಗೆ ನಿಲ್ಲಿಸಿದ ಸ್ನಾಯುವನ್ನು ಅದ್ದಿ ಅಲ್ಲಾಡಿಸಬೇಕು. ಅದ್ದುವ ಮೊದಲು ಒದ್ದೆಯನ್ನು ಒತ್ತಿ ತೆಗೆದಿರಬೇಕು. ಹೆಚ್ಚಿನ ಉಪ್ಪುನೀರು ಅಂಟಿದ್ದರೆ ಅದೂ ಹರಳಾಗುತ್ತದೆ. ಆಮೇಲೆ ಮೈನಸ್ ಇಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿ ಎಂಟು ಹತ್ತು ಮೈಕ್ರೋಮೀಟರ್ ದಪ್ಪಕ್ಕೆ ಅಡ್ಡವಾಗಿ ಕೊಯ್ದರೆ, ಸ್ನಾಯುನಾರುಗಳು ಜೇನುಹಲ್ಲೆಯ ಕೋಣೆಗಳಂತೆ ಒತ್ತೊತ್ತಾಗಿ ಕಾಣುತ್ತವೆ.

ಹಾಗೆ ಕಂಡ ಮೊದಲ ಒಳ್ಳೆಯ ಸ್ಲೈಡ್ ನನಗೆ ಚೆನ್ನಾಗಿ ನೆನಪಿದೆ. ಸೋಂಕು ಕೊಟ್ಟು ನಾಲ್ಕು ವಾರವಾದ ಇಲಿ. ಗುಲಾಬಿ ಬಣ್ಣದ ನಾರುಗಳ ನಡುವೆ ನೀಲಿ ಚುಕ್ಕೆಗಳ ಹಿಂಡು: ರೋಗನಿರೋಧಕ ಪಡೆಯ ಕೋಶಗಳಾದ ಲಿಂಫೋಸೈಟ್‌ಗಳು, ಸತ್ತ ನಾರನ್ನು ಮೇಯುತ್ತಿರುವ ಮ್ಯಾಕ್ರೋಫೇಜ್‌ಗಳು. ಒಂದು ನಾರು ದಪ್ಪ, ಪಕ್ಕದ್ದು ಎಳೆಯಷ್ಟು ಸಣ್ಣ. ಎಷ್ಟೋ ನಾರುಗಳಲ್ಲಿ ಕೋಶಕೇಂದ್ರ ಅಂಚಿನಲ್ಲಿರದೆ ನಟ್ಟನಡುವೆ ಕುಳಿತಿತ್ತು. ಒಮ್ಮೆ ಸತ್ತು ಮತ್ತೆ ಹುಟ್ಟಿದ ನಾರಿನ ಗುರುತು ಅದು. ಮನುಷ್ಯರಲ್ಲಿ ಈ ಗುರುತು ಬೇಗ ಅಳಿಸಿಹೋಗುತ್ತದೆ, ಇಲಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ನಡುವೆ ಕೇಂದ್ರವಿರುವ ನಾರು ಕಂಡ ಮಾತ್ರಕ್ಕೆ ಇಂದು ರೋಗವಿದೆ ಎನ್ನಲಾಗದು. ಎಂದೋ ಇತ್ತು ಎನ್ನಬಹುದಷ್ಟೇ. ಇಂದಿನ ರೋಗಕ್ಕೆ ಸಾಕ್ಷಿ ಆ ನೀಲಿ ಹಿಂಡು.

ಅದೇ ಇಲಿಯ ಇನ್ನೊಂದು ತೊಡೆಯನ್ನು ಅರೆದು, ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಸುರಿದಿದ್ದೆವು. ಜೀವಂತ ವೈರಸ್ ಇದ್ದಿದ್ದರೆ ಕೋಶಗಳ ಹಾಸಿನಲ್ಲಿ ಬಿಳಿಯ ತೂತುಗಳು ಮೂಡಬೇಕು. ಮೊದಲ ವಾರದ ಇಲಿಗಳಲ್ಲಿ ಎಣಿಸಲಾರದಷ್ಟು ಮೂಡುತ್ತಿದ್ದವು. ನಾಲ್ಕನೇ ವಾರದ ತಟ್ಟೆ ತೊಳೆದಿಟ್ಟಂತಿತ್ತು. ಅರೆಯುವಾಗ ಎಡವಿದ್ದೇನೆಂದು ಮತ್ತೆ ಮಾಡಿದೆ, ಆಗಲೂ ಒಂದೂ ತೂತಿಲ್ಲ. ಆದರೆ ಅದೇ ಅರೆತದಿಂದ ಆರ್‌ಎನ್‌ಎ, ಅಂದರೆ ಆನುವಂಶಿಕ ಬರಹವಿರುವ ಎಳೆ, ತೆಗೆದು ಅದರ ಸಣ್ಣ ಕುರುಹನ್ನೂ ಹಿಗ್ಗಿಸಿ ತೋರಿಸುವ ಪಿಸಿಆರ್ ಪರೀಕ್ಷೆ ಮಾಡಿದರೆ ವೈರಸ್‌ನ ಆರ್‌ಎನ್‌ಎ ಸಿಗುತ್ತಿತ್ತು. ಮೈ ಇಲ್ಲ, ಬರಹ ಮಾತ್ರ ಉಳಿದಿದೆ.

ಇದು ನಮ್ಮ ಕಂಡುಹಿಡಿಕೆಯಲ್ಲ. ಮಿನ್ನೆಸೋಟಾದ ಸಂಶೋಧಕರು 1990ರ ದಶಕದಲ್ಲೇ ಇದನ್ನು ತೋರಿಸಿದ್ದರು. ಉಳಿದ ಆರ್‌ಎನ್‌ಎ ಎರಡು ಎಳೆಯಾಗಿ ಹೆಣೆದುಕೊಂಡು ಕುಳಿತಿದೆ ಎಂಬ ವರದಿ 1999ರದು. ಅದಕ್ಕೂ ಮೊದಲು, 1987ರಲ್ಲಿ, ಥೈಮಸ್ ಗ್ರಂಥಿ ಇಲ್ಲದ, ಹಾಗಾಗಿ ರೋಗನಿರೋಧಕ ಪಡೆಯ ಟಿ ಕೋಶಗಳು ಬಲಿಯದ ಇಲಿಗಳಿಗೆ ಇದೇ ವೈರಸ್ ಕೊಟ್ಟು ನೋಡಿದ್ದರು. ಅವುಗಳಿಗೆ ಸೋಂಕು ತಗಲಿದರೂ ದೀರ್ಘಕಾಲದ ಕಾಲಿನ ಬಲಹೀನತೆ ಬರಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಹೀಗೆ: ವೈರಸ್ ಬಾಗಿಲು ಒಡೆಯುತ್ತದೆ, ಮನೆಯನ್ನು ಸುಡುವವರು ಮನೆಯ ಕಾವಲಿನವರೇ, ಮತ್ತು ಅವರನ್ನು ಇನ್ನೂ ಕೆರಳಿಸುವಂಥದ್ದೇನೋ ಮೂಲೆಯಲ್ಲಿ ಬಿದ್ದಿದೆ. ಕೆರಳಿಸುತ್ತಿರುವುದು ಆ ಉಳಿದ ಆರ್‌ಎನ್‌ಎಯೋ, ಒಡೆದ ಸ್ನಾಯುವಿನ ಪ್ರೋಟೀನುಗಳೋ ಎಂಬ ಚರ್ಚೆಯಲ್ಲಿ ನಾನು ಆರ್‌ಎನ್‌ಎಯ ಪಕ್ಷ. 2009ರಲ್ಲಿ ಜಪಾನಿನಿಂದ ಬಂದ ಒಂದು ಸುದ್ದಿ ನನ್ನನ್ನು ಆ ಕಡೆಗೆ ಇನ್ನಷ್ಟು ಒಲಿಸಿತು. ಚರ್ಮ ಮತ್ತು ಸ್ನಾಯುಗಳಿಗೆ ಉರಿಯೂತ ತಗಲುವ ಡರ್ಮಟೊಮಯೋಸೈಟಿಸ್ ಎಂಬ ಕಾಯಿಲೆಯ ಒಂದು ಬಗೆಯ ರೋಗಿಗಳ ರಕ್ತದಲ್ಲಿನ ಪ್ರತಿಕಾಯಗಳು ಗುರಿಯಿಡುವ ಪ್ರೋಟೀನು ಎಂಡಿಎ5 ಎಂದು ಗುರುತಾಗಿತ್ತು. ಎಂಡಿಎ5 ಎಂದರೆ ಜೀವಕೋಶದೊಳಗೆ ಇದೇ ಬಗೆಯ ವೈರಸ್‌ಗಳ ಎರಡೆಳೆ ಆರ್‌ಎನ್‌ಎಯನ್ನು ಮೂಸಿ ಹಿಡಿಯುವ ಪಹರೆಯವನು. ಆ ರಾತ್ರಿ ನಿದ್ದೆ ಬರಲಿಲ್ಲ.

ಆದರೂ ಇಲಿಯಿಂದ ಮನುಷ್ಯನಿಗೆ ಜಿಗಿಯುವಾಗ ಕಾಲ ಕೆಳಗೆ ನೋಡಬೇಕು. 1992ರಲ್ಲಿ ಅಮೆರಿಕದ ಸಂಶೋಧಕರು ಇಂಥ ಸ್ನಾಯು ಉರಿಯೂತದ ರೋಗಿಗಳ ಸ್ನಾಯುತುಣುಕುಗಳಲ್ಲಿ ಇಂಥ ವೈರಸ್‌ಗಳ ಆರ್‌ಎನ್‌ಎಗಾಗಿ ಹುಡುಕಿದಾಗ ಏನೂ ಸಿಗಲಿಲ್ಲ. ನಮ್ಮ ಇಲಿ ಹುಟ್ಟಿದ ಮರುದಿನ ಸೋಂಕು ಪಡೆದದ್ದು. ರೋಗಿ ನಲವತ್ತು ಐವತ್ತು ದಾಟಿದವರು. ಕಾಯಿಲೆ ಶುರುವಾಗಿ ವರ್ಷ ಕಳೆದ ಮೇಲೆ ತೆಗೆದ ತುಣುಕಿನಲ್ಲಿ ಮೊದಲ ವಾರದ ಕಥೆ ಉಳಿದಿರುತ್ತದೆಯೇ ಎಂಬ ಪ್ರಶ್ನೆಯೂ ಇದೆ.

2006ರಲ್ಲಿ ಕರ್ನಾಟಕದ ಹಳ್ಳಿಹಳ್ಳಿಗೆ ಚಿಕೂನ್‌ಗುನ್ಯಾ ಬಂತು. ನಮ್ಮ ಮನೆಯನ್ನೂ ಬಿಡಲಿಲ್ಲ. ಅಮ್ಮ ಫೋನಿನಲ್ಲಿ, "ಜ್ವರ ಬಿಟ್ಟು ಎರಡು ತಿಂಗಳಾಯಿತು ಕಣಪ್ಪ, ಇನ್ನೂ ಗೋಡೆ ಹಿಡಿಯದೆ ಏಳಲಾಗುತ್ತಿಲ್ಲ. ರಕ್ತದಲ್ಲಿ ಏನೂ ಇಲ್ಲ ಅನ್ನುತ್ತಾರೆ, ನೀನಾದರೂ ಹೇಳು" ಎಂದರು. ಚಿಕೂನ್‌ಗುನ್ಯಾ ಬೇರೆಯೇ ಕುಲದ ವೈರಸ್, ಅದು ಹೆಚ್ಚಾಗಿ ಕಾಡುವುದು ಕೀಲುಗಳನ್ನು. ಆದರೆ ಆ ವರ್ಷವೇ ಅದರ ದಾಯಾದಿಯಾದ, ಆಸ್ಟ್ರೇಲಿಯದ ರಾಸ್ ರಿವರ್ ವೈರಸ್ ಇಲಿಗಳ ಕೀಲನ್ನೂ ಹಿಂಗಾಲಿನ ಸ್ನಾಯುವನ್ನೂ ಒಟ್ಟಿಗೆ ಕೆಡಿಸುತ್ತದೆಂದು ವಿವರವಾದ ವರದಿ ಬಂದಿತ್ತು. 2020ರಲ್ಲಿ, ಸ್ನಾಯುಕೋಶದಲ್ಲಿ ಮಾತ್ರ ಬೆಳೆಯಲಾರದಂತೆ ತಿದ್ದಿದ ಚಿಕೂನ್‌ಗುನ್ಯಾ ವೈರಸ್ಸನ್ನು ಇಲಿಗೆ ಕೊಟ್ಟಾಗ ರೋಗವೇ ಸೌಮ್ಯವಾಯಿತು ಎಂದು ಗೊತ್ತಾಯಿತು. ಅಂದು ಅಮ್ಮನಿಗೆ ಕೊಡಲು ನನ್ನ ಬಳಿ ಔಷಧಿ ಇರಲಿಲ್ಲ. ಆದರೆ ರಕ್ತದಲ್ಲಿ ವೈರಸ್ ಸಿಗದಿದ್ದರೂ ನೋವು ನಿಜವೇ ಇರಬಹುದು, ಅದು ನಿನ್ನ ಮನಸ್ಸಿನ ಕಲ್ಪನೆಯಲ್ಲ ಎಂದು ಹೇಳಲು ನನ್ನ ಬಳಿ ನಾಲ್ಕನೇ ವಾರದ ಇಲಿಗಳಿದ್ದವು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ಹೇಳಿದೆಯಲ್ಲ, ಸಾಕು" ಎಂದರು.

ಮಾರನೇ ದಿನದಿಂದ ನಾನು ಗೂಡುಗಳಲ್ಲಿ ಒಂದು ಬದಲಾವಣೆ ಮಾಡಿದೆ. ಇಲಿಯ ತಿಂಡಿ ಮುಚ್ಚಳದ ತಂತಿಬುಟ್ಟಿಯಲ್ಲಿರುತ್ತದೆ; ತಿನ್ನಬೇಕಾದರೆ ಹಿಂಗಾಲಿನ ಮೇಲೆ ಎದ್ದು ನಿಲ್ಲಬೇಕು. ನಮ್ಮ ಇಲಿಗಳು ಏಳಲಾರದೆ ಅರೆಹೊಟ್ಟೆಯಲ್ಲಿರುತ್ತಿದ್ದವು, ನಾವು ಅದನ್ನು ರೋಗದ ತೂಕನಷ್ಟವೆಂದು ಬರೆಯುತ್ತಿದ್ದೆವು. ತಿಂಡಿಯನ್ನು ನೀರಿನಲ್ಲಿ ನೆನೆಸಿ ಮುದ್ದೆಮಾಡಿ ಚಿಕ್ಕ ತಟ್ಟೆಯಲ್ಲಿ ನೆಲಕ್ಕೇ ಇಟ್ಟೆ, ನೀರಿನ ಬಾಟಲಿಗೆ ಉದ್ದನೆಯ ಕೊಳವೆ ಹಾಕಿಸಿದೆ. ಹೋಲಿಕೆ ಕೆಡಬಾರದೆಂದು ಉಪ್ಪುನೀರಿನ ಗೂಡುಗಳಿಗೂ ಅದನ್ನೇ ಮಾಡಿದೆ. ಹತ್ತು ದಿನದಲ್ಲಿ ತೂಕದ ಅಂತರ ಅರ್ಧಕ್ಕಿಳಿಯಿತು. ಜಾಲರಿಯ ಮೇಲೆ ಹಿಂಗಾಲು ಮಾತ್ರ ಮೊದಲಿನಂತೆಯೇ ತೂಗಾಡುತ್ತಿತ್ತು. ಆಗಲೇ ನಮಗೆ ಹಸಿವಿನ ಪಾಲೆಷ್ಟು, ಸ್ನಾಯುವಿನ ಪಾಲೆಷ್ಟು ಎಂದು ಬೇರೆಮಾಡಿ ನೋಡಲು ಸಾಧ್ಯವಾದದ್ದು. ಅಲ್ಲಿಯವರೆಗಿನ ತೂಕದ ಅಂಕಿಗಳನ್ನೆಲ್ಲ ಲೆಕ್ಕದಿಂದ ತೆಗೆದು, ಹೊಸ ಪುಸ್ತಕದಲ್ಲಿ ಒಂದನೇ ದಿನದಿಂದ ಬರೆಯತೊಡಗಿದೆ.